ಬೆಳ್ಯಪ್ಪನ ಬಾಂಬು ಪರೀಕ್ಷೆ

ಕೊಲ್ಲಮೊಗ್ರಿನ ಶ್ರಮದಾನದ ರಸ್ತೆಯಲ್ಲಿ ಆ ಭಾನುವಾರ ಬೆಳಿಗ್ಗೆ ಡೊಂಬಯ್ಯನ ಪಿಕ್ಕಾಸು ಕಲ್ಲಿಗೆ ತಾಗಿದ್ದರೆ ಬೆಳ್ಯಪ್ಪನ ಸಂಸಾರ ಮೊದಲಿನ ಹಾಗೆಯೇ ಸುಖವಾಗಿ ಸಾಗುತ್ತಿತ್ತು. ಆದರೆ ಅದು ತಾಗಿದ್ದು ಲೋಹಕ್ಕೆ. ಹೊಳೆ ಬದಿಯ ಕೆಸರು ಬಿಡಿಸಿ ನೋಡಿದರೆ ಆಳಿಗಿಂತ ಉದ್ದದ ಒಂದು ವಸ್ತು ಮಲಗಿತ್ತು. ನಡು ದಪ್ಪ, ಎರಡೂ ತುದಿ ಚೂಪು, ಒಂದು ತುದಿಯ ಹತ್ತಿರ ಬೆನ್ನಿನ ಮೇಲೊಂದು ಸಣ್ಣ ಮುಚ್ಚಳ. ಯಾರೋ "ಬಾಂಬು" ಎಂದರು. ಮರುಗಳಿಗೆಯಲ್ಲಿ ರಸ್ತೆ ಖಾಲಿಯಾಗಿ, ಊರಿಗೆ ಊರೇ ಮಣ್ಣಿನ ದಿಬ್ಬದ ಹಿಂದೆ ಕೂತಿತ್ತು.

ಇದು ಐವತ್ತೆಂಟನೇ ಇಸವಿಯ ಮಾತು. ಯುದ್ಧದ ಕಾಲದಲ್ಲಿ ಊರ ಮೇಲಿನ ಕಾಡಿನಲ್ಲಿ ಒಂದು ಮಿಲಿಟರಿ ವಿಮಾನ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ತಗಡು ಸಿಕ್ಕಿದವರು ಕೋಳಿಗೂಡಿಗೆ ಹಾಕಿದರು, ಕೊಳವೆ ಸಿಕ್ಕಿದವರು ಗದ್ದೆಯ ನೀರಿಗೆ ಇಟ್ಟರು. ಉಳಿದ ಚೂರುಪಾರನ್ನೆಲ್ಲ ಹೆಕ್ಕಿ ತಂದು ಮನೆಯ ಜಗಲಿಯಲ್ಲಿ ಸಾಲಾಗಿ ಜೋಡಿಸಿದವನು ಬೆಳ್ಯಪ್ಪ. ಯಾವುದು ಯಂತ್ರದ ಭಾಗ, ಯಾವುದು ಬಾಲದ್ದು, ಯಾವುದು ಬ್ರಿಟಿಷರದ್ದು ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ಗುಜರಿ ವ್ಯಾಪಾರಿ ಪೋಕರ್ ಬ್ಯಾರಿಗೆ ಊರೂರು ತಿರುಗುವಾಗ ವಿಚಿತ್ರವಾದದ್ದೇನು ಸಿಕ್ಕಿದರೂ ಅದನ್ನು ಬೆಳ್ಯಪ್ಪನಿಗೆ ತಂದು ತೋರಿಸುವ ರೂಢಿ. ಒಮ್ಮೆ ಸುಬ್ರಹ್ಮಣ್ಯದ ಹೋಟೆಲಿನ ಸ್ಟವ್ವಿನ ಬರ್ನರನ್ನು ತಂದಾಗಲೂ ಬೆಳ್ಯಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಜಪಾನಿನದ್ದು. ಬಹಳ ಅಪರೂಪ" ಎಂದಿದ್ದ. ಪೋಕರ್ ಹೌದೆಂದು ತಲೆಯಾಡಿಸಿ, ಅದರ ಬದಲಿಗೆ ಸ್ವಲ್ಪ ಕರಿಮೆಣಸು ಕಟ್ಟಿಸಿಕೊಂಡು ಹೋಗಿದ್ದ.

ನಿಜ ಸಂಗತಿ ಬೆಳ್ಯಪ್ಪನಿಗೊಬ್ಬನಿಗೇ ಗೊತ್ತು. ಅವನು ವಿಮಾನಪಡೆಗೆ ಸೇರಿದ್ದು ಸುಳ್ಳಲ್ಲ. ಆದರೆ ಅಲ್ಲಿ ಬಿಚ್ಚಿದ್ದು ಬಾಂಬನ್ನಲ್ಲ, ಬೇಳೆಯ ಮೂಟೆಯನ್ನು. ಯುದ್ಧ ಮುಗಿಯುವವರೆಗೆ ಒಲೆಯ ಹೊಗೆ ಕುಡಿದು ಊರಿಗೆ ಬಂದವನು, ಸೌಟು ಹಿಡಿದವನಿಗೆ ಹೆಣ್ಣು ಕೊಡುವವರು ಯಾರು ಎಂದು ಹೆದರಿ, ಹೆಣ್ಣು ನೋಡಲು ಹೋದ ದಿನ ಕುಕ್ಕಪ್ಪ ಗೌಡರ ಮುಂದೆ "ಬಾಂಬಿನ ಜೀವ ತೆಗೆಯುವ ಕೆಲಸ" ಎಂದುಬಿಟ್ಟಿದ್ದ. ಗೌಡರು ಮಗಳು ಕಮಲಾವತಿಯನ್ನು ಕೊಟ್ಟದ್ದಲ್ಲದೆ ಆ ಕತೆಯನ್ನು ಸುಳ್ಯದ ಪೇಟೆಯವರೆಗೂ ಹಬ್ಬಿಸಿದರು. ಅಂದಿನಿಂದ ಬೆಳ್ಯಪ್ಪನ ಮಾನವೆಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು.

ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದದ್ದು ಪೋಕರ್.

"ಬೆಳ್ಯಪ್ಪಣ್ಣಾ, ಹೊಳೆ ಬದಿಯಲ್ಲಿ ಬಾಂಬು ಸಿಕ್ಕಿದೆ! ಗೌಡರು ಕರೀತಾರೆ, ಬೇಗ ಬರ್ಬೇಕಂತೆ."

ಬೆಳ್ಯಪ್ಪ ಕುಡಿಯುತ್ತಿದ್ದ ಕಾಫಿ ಮೂಗಿಗೆ ಹತ್ತಿತು. "ಎಷ್ಟು ದೊಡ್ಡದುಂಟು?"

"ನಿಮಗಿಂತ ಉದ್ದ ಉಂಟು ಮಾರಾಯ್ರೆ."

ಬೆಳ್ಯಪ್ಪನಿಗೆ ಕೂಡಲೇ ಹೊಟ್ಟೆನೋವು ಬಂತು. ಕಮಲಾವತಿ ಒಳಗಿನಿಂದ ಜೀರಿಗೆ ಕಷಾಯ ತಂದು, ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತಳು. ಆಮೇಲೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತಂದಳು.

"ನನ್ನ ಹತ್ತಿರ ಸಲಕರಣೆ ಎಲ್ಲುಂಟು? ಎಲ್ಲ ಮಿಲಿಟರಿಯವರು ವಾಪಸು ತಗೊಂಡಿದ್ದಾರೆ" ಎಂದ ಬೆಳ್ಯಪ್ಪ.

ಪೋಕರ್ ಹೆಗಲ ಗೋಣಿಯನ್ನು ಅಂಗಳದಲ್ಲಿ ಮಗುಚಿದ. ಸ್ಪ್ಯಾನರು, ಚಾಣ, ಇಕ್ಕಳ, ಸುತ್ತಿಗೆ ಎಲ್ಲ ಬಿದ್ದವು. "ಯಾವುದು ಬೇಕೋ ತಗೊಳ್ಳಿ. ನಿಮಗೆ ಇಲ್ಲ ಅಂತ ಹೇಳ್ತೇನಾ ನಾನು?"

ಉಪಕಾರ ಮಾಡುವವರ ಮೇಲೆ ಬೆಳ್ಯಪ್ಪನಿಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

"ನಾನೂ ಬರ್ತೇನೆ. ಮದುವೆ ಆದ ಮೇಲೆ ನಿಮ್ಮ ಕೆಲಸ ಒಮ್ಮೆಯೂ ನೋಡ್ಲಿಲ್ಲ" ಎಂದಳು ಕಮಲಾವತಿ.

"ಇದು ಹೆಂಗಸರು ನೋಡುವ ವಿಷಯ ಅಲ್ಲ."

"ಹಾಗಂತ ಬಾಂಬಿನಲ್ಲಿ ಬರ್ದುಂಟಾ?" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದೇಬಿಟ್ಟಳು.

ಹೊಳೆ ಬದಿಗೆ ತಲುಪಿದಾಗ ದಿಬ್ಬದ ಹಿಂದೆ ಸಾಲುಸಾಲಾಗಿ ತಲೆಗಳು ಕಂಡವು. ಕುಕ್ಕಪ್ಪ ಗೌಡರು ಮಾತ್ರ ಊರಿನ ಯಜಮಾನರೆಂಬ ಮರ್ಯಾದೆಗೆ ಹೊರಗೆ ನಿಂತಿದ್ದರು, ಅದೂ ಹಲಸಿನ ಮರದ ಹಿಂದೆ.

"ಬಾ ಅಳಿಯ. ನೋಡಿ ಹೇಳು, ಎಂತ ಇದು?"

ಬೆಳ್ಯಪ್ಪ ದೂರದಿಂದಲೇ ಕತ್ತು ಚಾಚಿದ. "ಬಾಂಬೇ ಮಾವ. ಸಂಶಯವೇ ಇಲ್ಲ. ಮುಟ್ಟುವ ಹಾಗಿಲ್ಲ. ರಸ್ತೆಯನ್ನೇ ಸ್ವಲ್ಪ ಆಚೆ ತಿರುಗಿಸುವ."

"ಆಚೆ ನನ್ನ ಗದ್ದೆ ಉಂಟು!" ಗೌಡರು ಮರದ ಮರೆಯಿಂದ ಪೂರ್ತಿ ಹೊರಗೆ ಬಂದರು. "ಬಾಂಬಾದ್ರೆ ನೀನು ಅದರ ಜೀವ ತೆಗಿ. ಅದೇ ಅಲ್ವಾ ನಿನ್ನ ಕಸುಬು?"

ಹೌದೌದು ಎಂದವು ದಿಬ್ಬದ ಹಿಂದಿನ ತಲೆಗಳು. ಕಮಲಾವತಿ ಅವರ ಜೊತೆ ಅಡಗದೆ ಬಯಲಲ್ಲೇ ನಿಂತು ಗಂಡನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಉಳಿದವರೆಲ್ಲರ ನೋಟಕ್ಕಿಂತ ಆ ಒಂದು ನೋಟ ಅವನಿಗೆ ಹೆಚ್ಚು ಚುಚ್ಚಿತು.

ಬೇರೆ ದಾರಿಯಿಲ್ಲದೆ ಬೆಳ್ಯಪ್ಪ ಕೆಸರಿನಲ್ಲಿ ಮೊಣಕಾಲೂರಿ ಅದರ ಮೇಲೆ ಕೈ ಇಟ್ಟ. ತಣ್ಣಗಿತ್ತು. ಸ್ವಲ್ಪ ಅಲ್ಲಾಡಿಸಿದಾಗ ಒಳಗೆ ಗುಳುಗುಳು ಸದ್ದಾಯಿತು. ಅವನ ಬೆನ್ನಿನ ಮೇಲೆ ಬೆವರು ಹರಿದು ಇಸ್ತ್ರಿಯ ಅಂಗಿ ಅಂಟಿಕೊಂಡಿತು. ಮುಚ್ಚಳ ಬಿಚ್ಚಿದರೆ ಜೀವ ಹೋಗುತ್ತದೆ, ಬಿಚ್ಚದಿದ್ದರೆ ಮಾನ ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಉಪಾಯ ಆಗ ಹೊಳೆಯಿತು.

"ಮಾವ, ದೂರದಿಂದ ಸರಿ ಕಾಣ್ಲಿಲ್ಲ. ಇದು ಬಾಂಬಲ್ಲ. ಪೆಟ್ರೋಲಿನ ಟ್ಯಾಂಕು. ವಿಮಾನದ ರೆಕ್ಕೆಯ ಅಡಿಯಲ್ಲಿ ಕಟ್ಟುದು. ಹೆದರಿಕೆ ಎಂತದ್ದೂ ಇಲ್ಲ. ಇಲ್ಲೇ ಇರ್ಲಿ, ನೀವೆಲ್ಲ ಮನೆಗೆ ಹೋಗಿ."

ಹಾಗೆ ಟ್ಯಾಂಕು ಕಟ್ಟುತ್ತಾರೆಂದು ಮಿಲಿಟರಿಯಲ್ಲಿ ಊಟಕ್ಕೆ ಬರುತ್ತಿದ್ದವರ ಬಾಯಿಂದ ಕೇಳಿದ್ದನೇ ಹೊರತು ಅವನು ಒಂದನ್ನೂ ಕಂಡವನಲ್ಲ. ಜನ ಮನೆಗೆ ಹೋದರೆ ಸದ್ದಿಲ್ಲದೆ ಮಂಗಳೂರಿಗೆ ತಿಳಿಸಿ ಬಾಂಬಿನವರನ್ನು ಕರೆಸಬಹುದೆಂದು ಅವನ ಲೆಕ್ಕ. ಆದರೆ ಹೆದರಿಕೆ ಇಲ್ಲ ಎಂದ ಮೇಲೆ ಮನೆಗೆ ಹೋಗುವವರು ಯಾರು? ದಿಬ್ಬದ ಹಿಂದಿನವರೆಲ್ಲ ಓಡಿಬಂದು ಸುತ್ತ ನೆರೆದರು. ನಾಲ್ಕು ಜನ ಹಾರೆ ಎತ್ತಿಕೊಂಡರು.

"ನಿಲ್ಲಿ, ನಿಲ್ಲಿ! ಹಾರೆ ಹಾಕ್ಬೇಡಿ!" ಎಂದು ಬೆಳ್ಯಪ್ಪ ಕೂಗಿದ.

"ಅವರು ಹೇಳುದು ಸರಿ" ಎಂದ ಡೊಂಬಯ್ಯ. ಬೆಳ್ಯಪ್ಪನಿಗೆ ಹೋದ ಉಸಿರು ಬಂತು. "ಕಾಯಿ ಒಡೆಯದೆ ಮುಟ್ಟುದು ಬೇಡ. ಇಷ್ಟು ವರ್ಷ ಮಣ್ಣಿನೊಳಗೆ ಇದ್ದದ್ದು. ಯಾವ ದೈವದ ಜಾಗವೋ ಎಂತದೋ."

ಬಾವಿ ತೋಡುವುದಿರಲಿ, ಮರ ಕಡಿಯುವುದಿರಲಿ, ಆ ಊರಿನಲ್ಲಿ ಕಾಯಿ ಒಡೆಯದೆ ಕೆಲಸ ಶುರುವಾಗುವುದಿಲ್ಲ. ಯಾರದೋ ಮನೆಯಿಂದ ತೆಂಗಿನಕಾಯಿ ಬಂತು. ಡೊಂಬಯ್ಯ ಅದನ್ನು ಹಣೆಗೆ ಮುಟ್ಟಿಸಿ ಕಲ್ಲಿಗಾಗಿ ಸುತ್ತ ನೋಡಿದ. ಎಲ್ಲಿ ನೋಡಿದರೂ ಕೆಸರು. ಗಟ್ಟಿಯಾದದ್ದು ಅಲ್ಲಿ ಒಂದೇ ಒಂದು ಇತ್ತು.

"ಇದಕ್ಕೆ ಇಟ್ಟ ಕಾಯಿ, ಇದಕ್ಕೇ ಒಡೆಯುದು" ಎಂದು ಅವನು ಅದರ ಚೂಪು ಮೂಗಿನ ಎದುರು ಕೈ ಎತ್ತಿದ.

ಬಾಂಬಿನ ಮೂಗಿಗೆ ಪೆಟ್ಟು ಬಿದ್ದರೆ ಏನಾಗುತ್ತದೆಂದು ಬೆಳ್ಯಪ್ಪ ಜಗಲಿಯಲ್ಲಿ ಕೂತು ಎಷ್ಟೋ ಜನರಿಗೆ ಬಣ್ಣಿಸಿದ್ದ. ಈಗ ಆ ಮೂಗಿನ ಪಕ್ಕದಲ್ಲೇ, ಕಾಯಿ ಸರಿಯಾಗಿ ಒಡೆಯುತ್ತದೋ ಇಲ್ಲವೋ ಎಂದು ಬಗ್ಗಿ ನೋಡುತ್ತಾ ಕಮಲಾವತಿ ನಿಂತಿದ್ದಳು. ಅದನ್ನು ಕಂಡದ್ದೇ ಅವನಿಗೆ ಮಾನವೂ ಮರೆತುಹೋಯಿತು, ಮಾವನೂ ಮರೆತುಹೋದರು. ಒಂದೇ ನೆಗೆತಕ್ಕೆ ಆ ಮೂಗಿನ ಮೇಲೆ ಬಿದ್ದು ಅಪ್ಪಿಕೊಂಡ.

"ಕಮಲಾ, ಓಡು! ಎಲ್ಲ ಓಡಿ! ಇದು ಎಂತ ಅಂತ ನನಗೆ ಗೊತ್ತಿಲ್ಲ! ನಾನು ಬಾಂಬಿನವ ಅಲ್ಲ, ಅಡಿಗೆಯವ! ಮಿಲಿಟರಿಯಲ್ಲಿ ಅನ್ನ, ಸಾರು ಮಾಡ್ತಿದ್ದೆ!"

ಯಾರೂ ಓಡಲಿಲ್ಲ. ಕೇಳಿದ ಸುದ್ದಿ ಬಾಂಬಿಗಿಂತ ದೊಡ್ಡದಾಗಿತ್ತು. ಬಾಯಿ ತೆರೆದು ನಿಂತ ಡೊಂಬಯ್ಯನ ಕೈಯಿಂದ ಕಾಯಿ ಜಾರಿತು. ಅದು ನೇರ ಮುಚ್ಚಳದ ಮೇಲೆ ಬಿದ್ದು ಎರಡು ಹೋಳಾಯಿತು, ಮುಚ್ಚಳ ಹಾರಿತು. ಬೆಳ್ಯಪ್ಪ ಕಣ್ಣು ಮುಚ್ಚಿದ. ತೂತಿನಿಂದ ಬುಳುಬುಳು ಎಂದು ಕೆಂಪು ಮಣ್ಣಿನ ನೀರು ಬಂತು. ಬಂದದ್ದು ಅಷ್ಟೇ.

ಪೋಕರ್ ಬಗ್ಗಿ ಒಳಗೆ ಮೂಸಿ ನೋಡಿದ. "ಪೆಟ್ರೋಲಿನದ್ದೇ ಟ್ಯಾಂಕು! ಒಳ್ಳೆ ಅಲ್ಯುಮಿನಿಯಂ. ಬೆಳ್ಯಪ್ಪಣ್ಣ ಹೇಳಿದ್ದು ಸರಿಯಾಗಿಯೇ ಉಂಟು."

ಬೆಳ್ಯಪ್ಪ ತನ್ನ ಜೀವಮಾನದಲ್ಲಿ ಸರಿಯಾಗಿ ಗುರುತಿಸಿದ ವಿಮಾನದ ಸಾಮಾನು ಅದೊಂದೇ. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಯುವವರೆಗೆ ಊರಿನ ಪಂಡಿತನಾಗಿ ಇರಬಹುದಿತ್ತು.

"ಅಡಿಗೆಯಾ?" ಎಂದರು ಕುಕ್ಕಪ್ಪ ಗೌಡರು, ಮುಖ ಕೆಂಪಗೆ ಮಾಡಿಕೊಂಡು.

"ಹೌದು ಮಾವ."

"ಎಷ್ಟು ಜನಕ್ಕೆ?"

"ಮುನ್ನೂರು. ಕೆಲವೊಮ್ಮೆ ನಾನ್ನೂರು."

ಗೌಡರು ಜನರ ಕಡೆ ನೋಡಿದರು. ಬಿಸಿಲು ನೆತ್ತಿಗೆ ಬಂದಿತ್ತು. ಬೆಳಗಿನ ಓಟದ ಗಡಿಬಿಡಿಯಲ್ಲಿ ಮಧ್ಯಾಹ್ನದ ಗಂಜಿಯ ಮಣ್ಣಿನ ಅಳಗೆಗಳೆಲ್ಲ ಒಡೆದುಹೋಗಿದ್ದವು. "ಡೊಂಬಯ್ಯಾ, ಒಲೆಗೆ ಕಲ್ಲು ಹುಡುಕಿ ತಾ" ಎಂದರು. ಪೋಕರ್ ಚಾಣ ಹಿಡಿದು ಟ್ಯಾಂಕನ್ನು ಉದ್ದಕ್ಕೆ ಸೀಳಿದ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಅದು ಎರಡು ಒಳ್ಳೆಯ ಕಡಾಯಿಯಾಯಿತು.

ಬೆಳ್ಯಪ್ಪನ ಅನ್ನ ಸಾರನ್ನು ಜನ ಕೇಳಿ ಕೇಳಿ ಬಡಿಸಿಕೊಂಡರು. ಕೈ ತೊಳೆಯುವ ಮೊದಲೇ ಇಬ್ಬರು ತಮ್ಮ ಮನೆಯ ಮದುವೆಗೆ ಅವನನ್ನು ಗೊತ್ತುಮಾಡಿಕೊಂಡರು. ಗೌಡರೂ ಎರಡನೇ ಸಲ ಎಲೆಗೆ ಸಾರು ಹಾಕಿಸಿಕೊಂಡರು. ಮಾನ ಪೂರ್ತಿ ಹೋಗಲಿಲ್ಲವಲ್ಲ ಎಂದು ಬೆಳ್ಯಪ್ಪನ ಎದೆ ಹಗುರಾಯಿತು. ಕಮಲಾವತಿ ಮಾತ್ರ ಸಾರನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ರುಚಿ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಜಗಲಿಯಲ್ಲಿ ಅವನ ಕುರ್ಚಿಯ ಮೇಲೆ ಕೂತಳು.

"ನೀವು ಅಡಿಗೆಯವರು ಅಂತ ನನಗೆ ಬೇಜಾರಿಲ್ಲ" ಎಂದಳು. "ನನಗೋಸ್ಕರ ಅದರ ಮೇಲೆ ಬಿದ್ರಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುದಿಲ್ಲ."

ಬೆಳ್ಯಪ್ಪನ ಕಣ್ಣು ತುಂಬಿ ಬಂತು. ಅವಳ ಪಕ್ಕದಲ್ಲೇ ನೆಲಕ್ಕೆ ಕೂತ.

"ಆದ್ರೆ ಇಷ್ಟು ವರ್ಷ ನಾನು ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುವಾಗ, ನೀವು ಇದೇ ಕುರ್ಚಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಅಂತ ಹೇಳ್ತಿದ್ರಲ್ಲ, ಅದನ್ನೂ ಮರೆಯುದಿಲ್ಲ." ಕಮಲಾವತಿ ಕಾಲು ನೀಡಿ ಆರಾಮವಾಗಿ ಒರಗಿಕೊಂಡಳು. "ನಾಳೆ ಬೆಳಿಗ್ಗೆ ನನಗೆ ನೀರುದೋಸೆ ಸಾಕು. ಮಧ್ಯಾಹ್ನಕ್ಕೆ ಎಂತ ಅಂತ ಆಮೇಲೆ ಹೇಳ್ತೇನೆ."