ಮಾವನ ನೂರು ಕಾಫಿ ಗಿಡ

ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದ ಮನೆಯಲ್ಲಿ ನಗುವಿಗೆ ಬರವಿರುವುದಿಲ್ಲ. ನಮ್ಮ ಮನೆಯಲ್ಲಂತೂ ಕಾಫಿ ಕೊಯ್ಲು ಶುರುವಾದ ದಿನದಿಂದ ಒಂದಲ್ಲ ಒಂದು ನಡೆಯುತ್ತಲೇ ಇತ್ತು.

ಐವತ್ತರ ದಶಕದ ಮಾತು. ಕೆ.ಆರ್. ನಗರದ ಭತ್ತದ ಸೀಮೆಯಿಂದ ನಾನು ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕೊಡಗಿಗೆ ಅಂಟಿಕೊಂಡ ಹಳ್ಳಿಗೆ. ಮಾವ ಹಲಸಿನ ಮರಗಳ ಕೆಳಗೆ ನೂರು ಕಾಫಿ ಗಿಡ ನೆಟ್ಟಿದ್ದರು. ರಾಗಿ ಬಿಟ್ಟು ಇದೇನು ಹುಚ್ಚು ಎಂದು ಊರೆಲ್ಲ ನಕ್ಕಿತ್ತು. ಮೊದಲ ಸಲ ಗಿಡದಲ್ಲಿ ಹಣ್ಣು ಕೆಂಪಾದಾಗ ನಮ್ಮ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ.

ಸಿಹಿ ಹಣ್ಣು

ಹಣ್ಣು ಬಿಡಿಸಲು ಪಕ್ಕದ ಮನೆಯ ದೊಡ್ಡವ್ವ ತಾವಾಗೇ ಓಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕುಕ್ಕೆಗಳೆಲ್ಲ ತುಂಬಿದ್ದವು, ಅವರದು ಅರ್ಧವೂ ಆಗಿರಲಿಲ್ಲ. ಸಿಹಿಯಾಗಿದೆ ಅಂತ ಹಣ್ಣನ್ನು ಚೀಪುತ್ತಾ ನಿಂತಿದ್ದರು. ಅತ್ತೆ ಮುಖ ಗಂಟಿಕ್ಕಿದ್ದು ಕಂಡು ಅವರೇ ಸಮಾಧಾನ ಹೇಳಿದರು:

"ಎದುರ್ಕಬ್ಯಾಡ ಕಣವ್ವ, ಬೀಜ ಒಂದೂ ನುಂಗಿಲ್ಲ. ಎಲ್ಲಾನೂ ಬೇಲಿ ಆಚೆ ಉಗುದ್ಬುಟ್ಟಿವ್ನಿ."

ಗಿಲಿಗಿಲಿ

ಸಗಣಿ ಸಾರಿಸಿದ ಕಣದಲ್ಲಿ ಹಣ್ಣು ಹರಡಿದೆವು. ಒಣಗಿತೋ ಇಲ್ಲವೋ ತಿಳಿಯಲು ಒಂದು ಹಿಡಿ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಆ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಡಲಿಲ್ಲ. ದಿನಾ ಬೆಳಿಗ್ಗೆ ಅಲ್ಲಾಡಿಸಿ, ಇನ್ನೂ ಆಗಿಲ್ಲ ಎಂದು ಗಂಭೀರವಾಗಿ ಹೇಳುವರು. ಕಾಯಿ ಕಪ್ಪಾಗಿ ಕಲ್ಲಾಯಿತು, ಕಾಲಿಗೆ ತಾಗಿದರೂ ಸದ್ದು ಮಾಡತೊಡಗಿತು. ಮಾವನಿಗೆ ಮಾತ್ರ ಕೇಳಿಸದು. ಕೊನೆಗೆ ಅತ್ತೆ ಹೋಗಿ ಅವರ ಕೈಯನ್ನು ಎಡಗಿವಿಯಿಂದ ಬಲಗಿವಿಗೆ ಸರಿಸಿದರು.

"ಆ ಕಿವಿ ಕೆಟ್ಟು ಅತ್ತು ವರ್ಸ ಆಯ್ತು. ಈ ಕಡೆ ಇಡ್ಕಳಿ."

ತೂತಿನ ಡಬ್ಬಿ

ಹುರಿಯಲು ತಿರುಗಿಸುವ ತೂತಿನ ಡಬ್ಬಿ ಬೇಕೆಂದು ನನ್ನ ಯಜಮಾನರು ಹುಣಸೂರಿನಲ್ಲಿ ತಗಡಿನ ಕೆಲಸ ಮಾಡುವ ಸಾಹೇಬರ ಹತ್ತಿರ ಹೋದರು. ತೂತಿನ ಅಳತೆಗೆ ಎಂದು ಸಿಪ್ಪೆ ಸಮೇತ ಒಣಗಿದ ನಾಲ್ಕು ಕಾಯಿ ಕೊಟ್ಟು ಬಂದರು. ಇತ್ತ ನಾವು ಕಾಯನ್ನೆಲ್ಲ ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಬೀಜ ತೆಗೆದಿಟ್ಟೆವು. ಡಬ್ಬಿ ಬಂತು. ತುಂಬಿ ಒಲೆಯ ಮೇಲೆ ಒಂದು ಸುತ್ತು ತಿರುಗಿಸಿದ್ದೇ ತಡ, ಅದರಲ್ಲಿದ್ದ ಬೀಜವೆಲ್ಲ ಸುರಿದು ಬೆಂಕಿಗೆ ಬಿತ್ತು. ಯಜಮಾನರು ಸಿಟ್ಟಿನಿಂದ ಡಬ್ಬಿ ಹೊತ್ತು ಮತ್ತೆ ಹುಣಸೂರಿಗೆ ಹೋದರು. ಸಾಹೇಬರು ಆ ನಾಲ್ಕು ಕಾಯಿ ಹುಡುಕಿ ತೆಗೆದು, ಡಬ್ಬಿಗೆ ಹಾಕಿ, ಗರಗರ ತಿರುಗಿಸಿದರು. ಒಂದೂ ಬೀಳಲಿಲ್ಲ.

"ನೋಡಿ ಸ್ವಾಮಿ, ಡಬ್ಬಿ ಸರಿಯಾಗೇ ಐತೆ. ನೀವೇ ಮಾಲು ಬದ್ಲಾಯಿಸಿದೀರಿ."

ತೀರ್ಪು

ಉಳಿದ ಬೀಜವನ್ನು ಅತ್ತೆ ಬಾಣಲೆಯಲ್ಲೇ ಹುರಿದರು. ಘಮ ಬೀದಿಗೆ ಹಬ್ಬಿತು. ಗಿಡ ನೆಟ್ಟಾಗ ನಕ್ಕಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಜಗುಲಿ ತುಂಬಿಕೊಂಡರು. ಕೊಡಗಿನ ತೋಟದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದ ಹಿರಿಯರೊಬ್ಬರು ಊರಲ್ಲಿದ್ದರು. ಕಾಫಿ ಬಲ್ಲವರು ಅವರೊಬ್ಬರೇ. ಮಾವ ಅವರನ್ನೇ ಕರೆತಂದು ಕೂರಿಸಿದರು. ಪುಡಿ ಕುಟ್ಟಿ, ಬೆಲ್ಲದ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಲೋಟ ಕೊಟ್ಟೆ.

ರೈಟರು ಮೂಸಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಹನಿ ಬಿಡದಂತೆ ಕುಡಿದು ಲೋಟ ಕೆಳಗಿಟ್ಟರು. ಮಾವ ಹೆಗಲ ಟವಲನ್ನು ಹಿಂಡುತ್ತಾ, ಹೇಗಿದೆ ಎಂದು ಮೆಲ್ಲಗೆ ಕೇಳಿದರು.

"ಬಲು ಸೊಗಸಾಗೈತೆ ಕಣ್ರೀ," ಅಂದರು ರೈಟರು. "ಬೆಲ್ಲ ಯಾವ ಆಲೆಮನೇದು?"