ಲಿಂಬೆರಸವಿಲ್ಲದ ಕರಕಲಿ

ಜುಲೈ 17, ಶುಕ್ರವಾರ, ಬೆಳಗ್ಗೆ 7 ಗಂಟೆ 10 ನಿಮಿಷ. ಹಣ್ಣಿನ ರಸ, ಬೇಯಿಸಿದ ತರಕಾರಿ ಇವೆರಡರಲ್ಲಿ ಯಾವುದು ಹೆಚ್ಚು ಪೌಷ್ಟಿಕ ಎಂಬ ಪ್ರಶ್ನೆಯನ್ನು ಸಮಸ್ತ ಮನುಕುಲದ ಪರವಾಗಿ ನಾನೇ ಬಗೆಹರಿಸಲು ತೀರ್ಮಾನಿಸಿದ ಶುಭಗಳಿಗೆ.

ಕಾರಣವಿತ್ತು. ನನ್ನ ಹೆಂಡತಿ ವಿನುತಾ ಮಹಿಳಾ ತಾಳಮದ್ದಳೆ ತಂಡದಲ್ಲಿದ್ದಾಳೆ. ಇದುವರೆಗೆ ದ್ವಾರಪಾಲಕ, ಸಖಿ ಎಂದು ನಾಲ್ಕು ಮಾತಾಡಿ ಸುಮ್ಮನಾಗುತ್ತಿದ್ದವಳಿಗೆ ಭಾನುವಾರ ಸಂಜೆ ಕಾನಸೂರಿನಲ್ಲಿ ಮೊದಲ ಬಾರಿ ರಾಜನ ಪಾತ್ರ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಿಂದ ಗೆಲ್ಲಬೇಕು. ಕೆಟ್ಟರೆ ಮತ್ತೆ ದ್ವಾರಪಾಲಕ!

"ಗಂಟ್ಲಿಗೆ ಶಕ್ತಿ ಬಪ್ಲೆ ಎಂತ ತಿನ್ನವು?" ಎಂದು ಅವಳು ನನ್ನನ್ನು ಕೇಳಿದ್ದೇ ತಪ್ಪಾಯಿತು.

ಅಡುಗೆಮನೆಯ ಸರ್ವಾಧಿಕಾರಿಯಾದ ನನ್ನ ಹೆತ್ತ ಆಯಿ ಎಕ್ಕಂಬಿಯ ಅಕ್ಕನ ಮನೆಗೆ ಹೋಗಿದ್ದಳು. ತಡೆಯುವವರಿರಲಿಲ್ಲ. ಮೂರು ದಿನ ನನಗೆ ಹಣ್ಣಿನ ರಸ ಮಾತ್ರ. ವಿನುತಾಳಿಗೆ ಅನ್ನದ ಜೊತೆ ಬೇಯಿಸಿದ ತರಕಾರಿ ಮಾತ್ರ. ಸಂಜೆ ಒಂದೇ ಉಸಿರಿನಲ್ಲಿ ಯಾರು ಎಷ್ಟರವರೆಗೆ ಎಣಿಸುತ್ತಾರೆ ಎಂಬುದು ಪರೀಕ್ಷೆ.

ಶುಕ್ರವಾರ: ಅನಾನಸು, ಮುಸುಂಬಿ ಸೇರಿ ಐದು ಲೋಟ. ನಾನು ಐವತ್ತೆರಡು, ಅವಳು ನಲವತ್ತೇಳು. ರಸಕ್ಕೆ ಜಯ!

ಶನಿವಾರ: ಏಳು ಲೋಟ. ಹದಿನೆಂಟಕ್ಕೇ ನನಗೆ ಕಣ್ಣು ಕತ್ತಲೆ ಬಂತು. ಅವಳು ಆರಾಮವಾಗಿ ಅರವತ್ತು ದಾಟಿದಳು.

"ಒಂದು ತುತ್ತು ಅನ್ನ ಉಣ್ರಿ ಮಾರಾಯ್ರೆ. ಮುಖ ಹಿಂಡಿದ ಮುಸುಂಬಿ ಹಾಂಗೆ ಆಜು!"

ವಿಜ್ಞಾನಿ ಒಪ್ಪಲಿಲ್ಲ.

ಭಾನುವಾರ ಅವಳು ಮಾತು ಅಭ್ಯಾಸ ಮಾಡುತ್ತಿದ್ದಳು. ಅಡುಗೆ ನಾನು ಮಾಡುತ್ತೇನೆಂದೆ. ಕೆಸುವಿನ ಕರಕಲಿ! ಕೆಸುವಿನ ಸೊಪ್ಪನ್ನು ಮುದ್ದೆಯಾಗುವಂತೆ ಬೇಯಿಸಿ, ಲಿಂಬೆ ಹಿಂಡಿ, ಒಗ್ಗರಣೆ ಕೊಟ್ಟರಾಯಿತು. ಲಿಂಬೆ ಹಿಂಡುವ ಹೊತ್ತಿಗೆ ಕೈ ತಡೆಯಿತು. ಲಿಂಬೆರಸ ಹಣ್ಣಿನ ರಸವಲ್ಲವೇ? ನನ್ನ ಪಕ್ಷದ ಸತ್ವವನ್ನು ಎದುರು ಪಕ್ಷದ ಬಾಣಲೆಗೆ ಹೇಗೆ ಹಾಕಲಿ? ಲಿಂಬೆಯನ್ನು ಪಕ್ಕಕ್ಕಿಟ್ಟೆ. ಹೆಚ್ಚು ಬೆಂದರೆ ಸತ್ವ ಹೋಗುತ್ತದೆಂದು ಒಲೆಯನ್ನೂ ಬೇಗ ಆರಿಸಿದೆ. ಪ್ರಯೋಗ ಪರಿಶುದ್ಧ!

ವಿನುತಾ ಎರಡು ತುತ್ತು ಉಂಡಳು. "ಹುಳಿನೇ ಇಲ್ಲೆ..." ಎನ್ನುವಷ್ಟರಲ್ಲಿ ಕೈ ಕುತ್ತಿಗೆಗೆ ಹೋಯಿತು.

"ಅಯ್ಯೋ, ಗಂಟ್ಲು ತುರಿಸ್ತು! ಲಿಂಬೆ ಹಿಂಡಿದ್ರಾ ಇಲ್ಯಾ?"

"ಲಿಂಬೆ ಎನ್ನ ಪಕ್ಷ" ಎಂದೆ.

ಅವಳು ನೋಡಿದ ನೋಟವನ್ನು ದಿನಚರಿಯಲ್ಲಿ ದಾಖಲಿಸುವ ಧೈರ್ಯ ನನಗಿಲ್ಲ. ಆಯಿಗೆ ಫೋನು ಮಾಡಿದೆ.

"ಕೆಸಕ್ಕೆ ಹುಳಿ ಹಾಕಿದ್ದಿಲ್ಯನಾ ತಮಾ? ನಿನ್ನ ತಲೆ ಸಮ ಇದ್ದಾ? ಬೇಗ ಲಿಂಬೆ ನೀರು ಕುಡ್ಸು, ಬೆಲ್ಲ ಕೊಡು. ಮತ್ತೆ ಎಂತಕ್ಕೂ ಕೈ ಹಾಕಡ!"

ತರಕಾರಿ ಪಕ್ಷದವಳು ಗಟಗಟನೆ ಲಿಂಬೆರಸ ಕುಡಿದಳು. ರಸ ಪಕ್ಷದವನು ಗಾಬರಿ, ಹಸಿವು ಎರಡೂ ತಾಳಲಾರದೆ ನಿನ್ನೆಯ ಬೀನ್ಸ್ ಪಲ್ಯವನ್ನು ಪಾತ್ರೆಯಿಂದಲೇ ತಿಂದು ಮುಗಿಸಿದ. ಪ್ರಯೋಗ ಅಲ್ಲಿಗೆ ದಿವಂಗತವಾಯಿತು.

ಸಂಜೆಗೆ ತುರಿಕೆ ಇಳಿದಿತ್ತು. ಆದರೆ ದನಿ? ಮೊಂಡು ಗರಗಸ! ಕಾನಸೂರಿನ ಸಭೆ ತುಂಬಿತ್ತು. ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ವಿನುತಾ ಮೊದಲ ವಾಕ್ಯಕ್ಕೇ ಕೆಮ್ಮಿದಳು. ದೂತನಾಗಿದ್ದ ಸಿದ್ದಾಪುರದ ಶಾರದಕ್ಕ ಅಂಥ ಅವಕಾಶ ಬಿಡುವವರೇ?

"ಮಹಾರಾಜ, ಕಂಠವೇಕೆ ಕಂಪಿಸುತ್ತಿದೆ? ನಮ್ಮ ಸೇನೆಯ ಭಯವೋ?"

ಸಭೆ ನಕ್ಕಿತು. ವಿನುತಾ ನೀರು ಗುಟುಕರಿಸಿ ಬೆನ್ನು ನೇರ ಮಾಡಿದಳು.

"ಭಯವೇ? ಎಲೈ ದೂತ! ಹೊರಗಿನ ವೈರಿಗಳು ಈ ಕಂಠವನ್ನು ಮುಟ್ಟಲಾರರು. ಇಂದು ಮಧ್ಯಾಹ್ನ ನನ್ನ ಅರಮನೆಯ ಆಹಾರತಜ್ಞನೇ ನನಗೆ ವಿಷವಿಕ್ಕಿದ್ದಾನೆ. ಅಷ್ಟಾದರೂ ನಿನಗೆ ಉತ್ತರಿಸಲು ಈ ಒಡಕು ದನಿಯೇ ಸಾಕು. ಅಗೋ, ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ ಆ ದ್ರೋಹಿ!"

ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಚಪ್ಪಾಳೆಯೋ ಚಪ್ಪಾಳೆ! ಭಾಗವತರು ತಾಳ ಕೆಳಗಿಟ್ಟು ನಕ್ಕು ಕಣ್ಣೊರೆಸಿಕೊಂಡರು. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಯಲ್ಲಾಪುರದ ಕಾರ್ಯಕ್ರಮಕ್ಕೂ ಅವಳೇ ರಾಜ ಎಂದು ಅಲ್ಲೇ ನಿಶ್ಚಯವಾಯಿತು. ನನಗೂ ಖ್ಯಾತಿ ಬಂತು. ಚಹಾ ಕುಡಿಯುವಾಗ ಗುರುತಿಲ್ಲದ ಹಿರಿಯರೊಬ್ಬರು ಬಳಿ ಬಂದು, "ವಿಷ ಹಾಕಿದವ ನೀನೇಯನಾ?" ಎಂದು ಪ್ರೀತಿಯಿಂದ ಕೈ ಕುಲುಕಿದರು.

ರಸ ಹೆಚ್ಚೋ ತರಕಾರಿ ಹೆಚ್ಚೋ, ಇಂದಿಗೂ ನನಗೆ ಗೊತ್ತಿಲ್ಲ. ತಿಳಿದವರು ದಯವಿಟ್ಟು ಬರೆದು ತಿಳಿಸಿ. ಪತ್ರ ಮಾತ್ರ ವಿನುತಾಳ ಹೆಸರಿಗಿರಲಿ. ಆಹಾರದ ವಿಷಯದಲ್ಲಿ ನನ್ನ ಹೆಸರಿಗೆ ಬಂದ ಪತ್ರವನ್ನು ಒಡೆಯುವ ಅಧಿಕಾರವೂ ಈಗ ನನಗಿಲ್ಲ!