ಖಗೇನನ ಸಾವಿಗೆ ಖಗೇನನೇ ಸಾಕ್ಷಿ

ಏಡಿಯ ಬಿಲದಿಂದ ಕಬ್ಬಿಣದ ಕೊಕ್ಕೆ ಎಳೆದುಕೊಂಡು ತಿರುಗಿದ ಖಗೇನ್ ಸರ್ದಾರನಿಗೆ, ಕೆಸರಿನಲ್ಲಿ ಮೂಡಿದ್ದ ತನ್ನ ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ಕಾಣಿಸಿತು. ಅಗಲವಾಗಿ, ದುಂಡಗೆ, ರೊಟ್ಟಿ ತಟ್ಟಿಟ್ಟ ಹಾಗೆ. ಅದರೊಳಕ್ಕೆ ನೀರು ಇನ್ನೂ ಜಿನುಗುತ್ತಿತ್ತು.

ಸುಂದರಬನದಲ್ಲಿ ಹುಲಿಯ ಹೆಸರೆತ್ತುವಂತಿಲ್ಲ, ಮಾಮ ಎನ್ನಬೇಕು. ಖಗೇನ ಅದನ್ನೂ ಅನ್ನಲಿಲ್ಲ. ಕೊಕ್ಕೆ, ಬುಟ್ಟಿ, ಕಟ್ಟಿಕೊಂಡು ಬಂದಿದ್ದ ತಂಗಳನ್ನ ಎಲ್ಲವನ್ನೂ ಅಲ್ಲೇ ಬಿಟ್ಟು ದೋಣಿಗೆ ಹಾರಿದ. ಹುಟ್ಟು ಹಾಕುತ್ತ ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡ: ಇನ್ನು ಈ ಉಪ್ಪುನೀರಿನ ಕಾಂಡ್ಲಾ ಕಾಡಿಗೆ ಕಾಲಿಡುವುದಿಲ್ಲ. ಮಣ್ಣು ಹೊರುತ್ತೇನೆ, ಬೇಡುತ್ತೇನೆ, ಏನಾದರೂ ಸರಿ.

ಊರಿನ ದಕ್ಕೆಯಲ್ಲಿ ಪ್ರವಾಸಿಗಳ ಬಿಳಿ ಲಾಂಚ್ ನಿಂತಿತ್ತು. ಒಡ್ಡಿನ ಮೇಲೆ ಸಿಗಡಿ ಒಣಹಾಕುತ್ತಿದ್ದ ಪಕ್ಕದ ಮನೆಯ ನಿರುಪಮಾ ಕಾಕಿ ಅವನನ್ನು ಕಂಡವಳೇ ಬಾಯಲ್ಲಿದ್ದ ಎಲೆಯಡಿಕೆ ಉಗುಳಿದಳು.

"ಯಾಕೋ ಬಂದೆ?"

"ಬದುಕಿ ಬಂದೆ ಕಾಕಿ."

"ಅದನ್ನೇ ಕೇಳ್ತಿರೋದು. ಇವತ್ತೇ ಯಾಕೆ ಬದುಕಿ ಬಂದೆ? ಅಲ್ಲಿ ನಿನ್ನ ಮನೇಲಿ ಕೊಲ್ಕತ್ತಾದವರು ಕೂತು ನಿನಗೋಸ್ಕರ ಅಳ್ತಾ ಇದ್ದಾರೆ."

ಆದದ್ದು ಇಷ್ಟು. ಗಂಡ ಕಾಡಿಗೆ ಇಳಿದಾಗ ಇಲ್ಲಿನ ಹೆಂಗಸರು ಬಳೆ ತೆಗೆದಿಟ್ಟು, ಬೈತಲೆಯ ಕುಂಕುಮ ಅಳಿಸಿ, ಬಿಳಿ ಸೀರೆ ಉಡುತ್ತಾರೆ. ಹೇಗೂ ಸತ್ತವನನ್ನು ಮತ್ತೆ ಯಾಕೆ ಕೊಲ್ಲಬೇಕು ಎಂದು ಮಾಮ ಸುಮ್ಮನಾಗಲಿ ಎಂಬ ಲೆಕ್ಕ. ಗಂಡ ಬಂದ ಮೇಲೆ ಎಲ್ಲವೂ ಮೊದಲಿನಂತೆ. ಖಗೇನನ ಹೆಂಡತಿ ಕಾಜಲಿಯೂ ಹಾಗೆ ಬಿಳಿ ಸೀರೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಷ್ಟರಲ್ಲಿ ಲಾಡ್ಜಿನ ತಾರಾಪದ, ಮಾಮ ಹೊತ್ತೊಯ್ದವನ ವಿಧವೆಯನ್ನು ತೋರಿಸುತ್ತೇನೆಂದು ಜನರನ್ನು ಕರೆತಂದಿದ್ದ.

"ನಿಜವಾದ ವಿಧವೆ ನೀನಿದ್ದೆಯಲ್ಲ ಕಾಕಿ?"

"ಹೋದ ಸಲ ಬೇರೆ ಜನಕ್ಕೆ ನನ್ನನ್ನೇ ತೋರಿಸಿದ್ದ. ಗಂಡ ಹೇಗಿದ್ದ ಅಂತ ಕೇಳಿದ್ರು. ಗೊರಕೆ ಹೊಡೀತಿದ್ದ ಅಂತ ಹೇಳಿ ನಕ್ಕುಬಿಟ್ಟೆ. ಅವರಿಗೆ ಸರಿಹೋಗಲಿಲ್ಲ. ನಿನ್ನವಳು ಚೆನ್ನಾಗಿ ತಲೆ ಬಗ್ಗಿಸ್ತಾಳೆ." ಕಾಕಿ ಸಿಗಡಿ ಮಗುಚಿದಳು. "ವಿಧವೆಗೆ ಅಂತ ಹೊಲಿಗೆ ಮಿಷನ್ ತಂದಿದ್ದಾರೆ ಕಣೋ, ಹೊಸದು. ಲಾಂಚ್ ಹೊರಡೋವರೆಗೆ ಸತ್ತಿರು."

ಹೊಲಿಗೆ ಮಿಷನ್. ಕಾಜಲಿಗೆ ಹೊಲಿಗೆ ಗೊತ್ತು. ಮಿಷನ್ ಒಂದಿದ್ದರೆ ರವಿಕೆ ಹೊಲಿದಾದರೂ ಇಬ್ಬರೂ ಉಣ್ಣಬಹುದು, ಕಾಡಿನ ಹಂಗೇ ಬೇಡ. ಜೀವ ಉಳಿಸಿಕೊಳ್ಳಲು ಒಂದು ಮಧ್ಯಾಹ್ನ ಸತ್ತಿರುವುದು ದೊಡ್ಡ ಮಾತಲ್ಲ.

ಅವನು ಮನೆಯ ಹಿಂದೆ ಬಿದಿರು ತಟ್ಟಿಯ ಮರೆಯಲ್ಲಿ ಕೂತ. ನಾಯಿಗೆ ಇದು ಯಾವುದೂ ಗೊತ್ತಿರಲಿಲ್ಲ. ಸತ್ತ ಯಜಮಾನನನ್ನು ಕಂಡ ಖುಷಿಗೆ ಅದು ಅವನ ಮೈಮೇಲೆ ಹಾರಿತು. ತಟ್ಟಿ ಮುರಿಯಿತು. ಖಗೇನ ನಾಯಿಯನ್ನು ಅಪ್ಪಿಕೊಂಡೇ ಅಂಗಳದಲ್ಲಿ, ನೆರೆದವರ ನಡುವೆ, ಗೋಣಿಚೀಲದ ಹಾಗೆ ಬಂದು ಬಿದ್ದ.

ಕಾಜಲಿಯ ಕೈ ತಾನಾಗಿ ಬರಿ ಹಣೆಗೆ ಹೋಯಿತು.

"ಯಾರಿವನು?" ಎಂದರು ಕೊಲ್ಕತ್ತಾದವರ ಮುಂದಾಳು ಲಾಹಿರಿ ದೀದಿ. ನಿವೃತ್ತ ಮುಖ್ಯೋಪಾಧ್ಯಾಯಿನಿ. ದನಿಯಲ್ಲಿ ಬೆತ್ತ ಇನ್ನೂ ಇತ್ತು.

"ಸತ್ತವನ ತಮ್ಮ," ಎಂದ ತಾರಾಪದ, ಉಸಿರು ಕೂಡ ತೆಗೆದುಕೊಳ್ಳದೆ.

"ಅಣ್ಣ ಸತ್ತಾಗ ಎಲ್ಲಿದ್ದ?"

"ಜೊತೇಲೇ ಇದ್ದ ದೀದಿ. ಕಣ್ಣಾರೆ ಕಂಡಿದ್ದಾನೆ."

ಖಗೇನ ತಾರಾಪದನನ್ನು ನೋಡಿದ. ತಾರಾಪದ ಮಿಷನ್ನಿನ ಪೆಟ್ಟಿಗೆಯನ್ನು ನೋಡಿದ.

"ಎದ್ದು ನಿಂತು ಹೇಳು. ಹೇಗಾಯ್ತು?"

ಖಗೇನನಿಗೆ ಕತೆ ಕಟ್ಟಲು ಬರುತ್ತಿರಲಿಲ್ಲ. ಅದಕ್ಕೆ ಬೆಳಿಗ್ಗೆ ಆದದ್ದನ್ನೇ ಹೇಳಿದ. ಇಳಿತದ ನೀರು, ಬಿಲದಲ್ಲಿ ಸಿಕ್ಕಿಕೊಂಡ ಕೊಕ್ಕೆ, ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದದ್ದು, ಹೆಜ್ಜೆಯ ಮೇಲಿನ ಹೆಜ್ಜೆ, ಅದರೊಳಗೆ ಜಿನುಗುತ್ತಿದ್ದ ನೀರು. ಹೇಳುತ್ತ ಹೇಳುತ್ತ ಅವನ ಹಲ್ಲು ಕಟಕಟ ಎಂದಿತು. ಕೊನೆಯ ಮಾತೊಂದನ್ನು ಮಾತ್ರ ಸೇರಿಸಬೇಕಾಯಿತು: "ಆಮೇಲೆ ಅಣ್ಣ ಇರಲಿಲ್ಲ."

ಆ ಬೆಳಗಿನ ಸುದ್ದಿ ಕಾಜಲಿಯ ಕಿವಿಗೆ ಬಿದ್ದದ್ದು ಆಗಲೇ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಿಜವಾಗಿ ಅಳತೊಡಗಿದಳು. ಅದನ್ನು ಕಂಡು ಬಂದವರೂ ಅತ್ತರು. ಮೊಬೈಲ್ ಹಿಡಿದಿದ್ದ ಒಬ್ಬ ಮಾತ್ರ ಕೈ ಅಲುಗೀತೆಂದು ಅಳು ತಡೆದುಕೊಂಡ.

"ನೀನು ಏನು ಮಾಡಿದೆ?" ದೀದಿ ಕನ್ನಡಕ ಒರೆಸಿಕೊಂಡರು.

"ಓಡಿದೆ."

"ಅಣ್ಣನ್ನ ಬಿಟ್ಟು?"

ಖಗೇನ ಹೂಂಗುಟ್ಟಿದ.

"ಚಿಕ್ಕಂದಿನಿಂದಲೂ ಪುಕ್ಕಲ," ಎಂದಳು ಬೇಲಿಯಾಚೆಯಿಂದ ಕಾಕಿ. "ಅಣ್ಣನೇ ಬಂಗಾರದಂಥವನು."

ಎಲ್ಲರ ಕಣ್ಣುಗಳು ಅವನನ್ನು ಸುಟ್ಟವು. ಖಗೇನನಿಗೂ ಒಂದು ಗಳಿಗೆ ಆ ತಮ್ಮನ ಮೇಲೆ ಸಿಟ್ಟು ಬಂತು. ಸತ್ತ ಖಗೇನನ ಬಗ್ಗೆ ಊರಿನಲ್ಲಿ ಯಾರಾದರೂ ಒಳ್ಳೆಯ ಮಾತಾಡಿದ್ದು ಇದೇ ಮೊದಲು. ಅದನ್ನು ಕೇಳಲು ಪಾಪ ಅವನಿರಲಿಲ್ಲ.

ಕೊನೆಗೂ ಪೆಟ್ಟಿಗೆ ಬಿಚ್ಚಿದರು. ಕಪ್ಪಗೆ ಹೊಳೆಯುವ ಮಿಷನ್. ಕಾಜಲಿ ಕಣ್ಣೊರೆಸಿಕೊಂಡು ಅದರ ಚಕ್ರದ ಮೇಲೆ ಕೈಯಿಟ್ಟಳು. ಅದು ಸದ್ದಿಲ್ಲದೆ ಒಂದು ಸುತ್ತು ತಿರುಗಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ತಕ್ಷಣ ಅತ್ತಿಗೆ ಮೈದುನರ ಹಾಗೆ ಬೇರೆ ಕಡೆ ನೋಡಿದರು.

"ಆಗೋಯ್ತು," ಎಂದು ಖಗೇನ ಮನಸ್ಸಿನಲ್ಲೇ ಅಂದುಕೊಂಡ. "ಇನ್ನು ಕಾಡಿನ ಮುಖ ನೋಡೋದು ಬೇಡ."

"ತಾರಾಪದ," ದೀದಿ ಎದ್ದು ನಿಂತರು, "ಇಷ್ಟು ವರ್ಷ ಇಲ್ಲಿಗೆ ಬಂದು ಬರೀ ಮರ, ಮೊಸಳೆ ನೋಡಿಕೊಂಡು ಹೋದ್ವಿ. ಇವತ್ತು ಮೈ ಜುಮ್ ಅಂತು. ಮುಂದಿನ ಭಾನುವಾರ ನಮ್ಮ ಟ್ರಸ್ಟಿನವರೆಲ್ಲ ಬರ್ತಾರೆ. ಆಮೇಲೂ ಬರ್ತಾ ಇರ್ತಾರೆ. ಅವರಿಗೆ ಆ ಜಾಗ ತೋರಿಸಬೇಕು."

"ಯಾವ ಜಾಗ ದೀದಿ?"

"ಅಣ್ಣ ಹೋದ ಜಾಗ. ಇವನೇ ಕರ್ಕೊಂಡು ಹೋಗಲಿ. ಅಲ್ಲೇ ನಿಂತು ಈ ಕತೆ ಹೇಳಲಿ."

"ಅಲ್ಲಿ ಲಾಂಚಿನಿಂದ ಯಾರೂ ಇಳಿಯೋ ಹಾಗಿಲ್ಲ," ಎಂದ ತಾರಾಪದ.

"ನಾವ್ಯಾಕೆ ಇಳೀತೀವಿ? ಇವನು ಇಳೀತಾನೆ."

"ದೀದಿ, ನಾನು ಇನ್ನು ಕಾಡಿಗೆ..." ಖಗೇನ ಕೈ ಮುಗಿದ. "ನನ್ನ ಕೈಲಾಗಲ್ಲ."

"ಅತ್ತಿಗೆಗೋಸ್ಕರ ಅಷ್ಟೂ ಮಾಡಲ್ವಾ? ಸರಿ. ಪಕ್ಕದ ದ್ವೀಪದಲ್ಲೂ ಪಾಪ ಇಂಥ ಹೆಣ್ಣುಮಕ್ಕಳಿದ್ದಾರಂತೆ." ಅವರು ಕಣ್ಸನ್ನೆ ಮಾಡಿದರು. ಲಾಂಚಿನವರಿಬ್ಬರು ಬಂದು ಮಿಷನ್ನಿಗೆ ಕೈ ಹಾಕಿದರು. ಕಾಜಲಿ ಮಾತ್ರ ಚಕ್ರ ಬಿಡಲಿಲ್ಲ. ಅವಳು ಖಗೇನನ ಕಡೆ ನೋಡಲೂ ಇಲ್ಲ.

"ಬರ್ತೀನಿ," ಎಂದ ಖಗೇನ.

"ಪ್ರತಿ ಭಾನುವಾರ ಬರ್ತಾನೆ," ಎಂದ ತಾರಾಪದ. "ಇವನ ಪಾಪವೂ ಕಳೆದ ಹಾಗಾಗುತ್ತೆ."

ಬಂದವರನ್ನು ಬೀಳ್ಕೊಡಲು ಊರೇ ಒಡ್ಡಿನ ಮೇಲೆ ನಿಂತಿತು. ದೀದಿ ಹಲಗೆ ದಾಟಿ ಲಾಂಚ್ ಹತ್ತಿದವರು, ಏನೋ ಮರೆತವರ ಹಾಗೆ ತಿರುಗಿ ಖಗೇನನನ್ನು ಬೆರಳು ಮಾಡಿ ಕರೆದರು.

"ನೋಡು, ಕೆಸರಲ್ಲಿ ನಿಂತಾಗ ಮುಖ ನಮ್ಮ ಕಡೆಗಿರಲಿ. ಕಾಡಿನ ಕಡೆ ತಿರುಗಿ ತಿರುಗಿ ನೋಡ್ಬೇಡ, ಫೋಟೋ ಕೆಡುತ್ತೆ."